ದೇವರ ಗೂಡಿನಲ್ಲಿಟ್ಟ ಬೂದಿ

ಬಸವಂತ ಬಾಳೆಸಿಪ್ಪೆಯ ಬೂದಿಯನ್ನು ದೇವರ ಗೂಡಿನಲ್ಲಿಟ್ಟದ್ದೇ ತಪ್ಪಾಯಿತು. ಕೊಲ್ಹಾಪುರದ ಲ್ಯಾಬಿನಲ್ಲಿ ಬಿಟ್ಟರೆ ಯಾರಾದರೂ ಚಿಟಿಕೆ ಎತ್ತುತ್ತಾರೆಂದು ಇಚಲಕರಂಜಿಯ ಮನೆಗೆ ತಂದಿದ್ದ. ಯಾರ ಕೈಯೂ ತಾಗದ ಜಾಗ ಅದೊಂದೇ ಎಂದು ಅವನ ಲೆಕ್ಕ. ಸೋಮವಾರ ಬೆಳಿಗ್ಗೆ ಜಳಕ ಮುಗಿಸಿ ಬರುವಷ್ಟರಲ್ಲಿ ಡಬ್ಬಿ ಬರಿದಾಗಿತ್ತು.

"ಯವ್ವಾ, ಬೂದಿ ಎಲ್ಲಿ?"

"ಬೂದಿ ಅನಬ್ಯಾಡೋ, ಅಂಗಾರ ಅನ್ನು, ದೇವರ ವಿಭೂತಿ ಅದು." ಚೆನ್ನವ್ವ ಹಣೆಯ ಮೇಲಿನ ಮೂರು ಗೆರೆ ತೋರಿಸಿದಳು. "ಭಾಳ ನುಣ್ಣಗ ಐತಿ. ಓಣ್ಯಾನವರಿಗೆಲ್ಲಾ ಕೊಟ್ಟೆ. ಶಿವನ ವಾರ, ಇಲ್ಲ ಅನ್ನಾಕ ಬರತೈತೇನು?"

ಬಸವಂತನ ಜೀವ ಬಾಯಿಗೆ ಬಂತು. ಅದು ಅವನ ಪಿಎಚ್‌ಡಿಯ ಕ್ಯಾಟಲಿಸ್ಟು! ಎರಡು ರಸಾಯನಗಳು ಒಂದೇ ಬಾಟಲಿಯಲ್ಲಿದ್ದರೂ ಮುನಿದ ಬೀಗರ ಹಾಗೆ ಸುಮ್ಮನೆ ಕೂತಿರುತ್ತವೆ. ಈ ಬೂದಿ ಚಿಟಿಕೆ ಬಿದ್ದರೆ ಒಂದಾಗಿ ಹಳದಿ ಪುಡಿಯಾಗುತ್ತವೆ. ಇವತ್ತು ಅದನ್ನು ಪರೀಕ್ಷಕರ ಕಣ್ಣೆದುರು ಮಾಡಿ ತೋರಿಸಬೇಕು. ಆಗಲಿಲ್ಲವೆಂದರೆ ಪಿಎಚ್‌ಡಿಗೆ ಎಳ್ಳುನೀರು.

ಟವೆಲ್ಲಿನಲ್ಲೇ ಓಡಿದ. ಪಕ್ಕದ ಮನೆಯ ಹಿರಾಬಾಯಿ ಮೊಣಕಾಲಿಗೆ ಬೂದಿ ಬಳಿದುಕೊಂಡು ಕೂತಿದ್ದಳು.

"ಮಾವಶಿ, ಉಳದಿದ್ದು ಕೊಡ್ರಿ!"

"ಲಯಿ ಭಾರೀ ಅಂಗಾರಾ ರೇ ಬಾಳಾ! ಕಾಲನೋವು ಎಲ್ಲಿ ಹೋತೋ ಗೊತ್ತಿಲ್ಲ. ಉಳದಿದ್ದು ನೀರಾಗ ಕಲಸಿ ಕುಡದೆ."

ಎದುರು ಮನೆಯ ಬಾಳಗೊಂಡ ತನ್ನ ಪಾಲನ್ನು ಕೆಟ್ಟು ನಿಂತ ಪಾವರ್‌ಲೂಮಿಗೆ ಹಚ್ಚಿದ್ದ. ಅದು ಖಟಖಟ ಎಂದು ಓಡುತ್ತಿತ್ತು.

"ಮಿಸ್ತ್ರಿ ಕೈಲೆ ಆಗದ್ದು ಆತು ನೋಡು! ಯಾವ ಮಠದ ಮಹಾರಾಜರದ್ದಪಾ ಇದು? ಇನ್ನಷ್ಟು ತಾ."

ಬಸವಂತ ಮಗ್ಗ ಕೆರೆದ. ಬಂದದ್ದು ಬರೀ ಎಣ್ಣೆ. ಮನೆಗೆ ಬಂದು ತಾಯಿಯ ಹಣೆಗೇ ಕೈ ಹಾಕಿದ.

"ಓದಿ ಓದಿ ತಲಿ ಕೆಟ್ಟೈತಿ, ಅವ್ವನ ಹಣಿ ಕೆರಿಯಾಕತ್ಯಾನ!" ಎಂದು ಹಿರಾಬಾಯಿ ಓಣಿಯನ್ನೆಲ್ಲ ಕೂಡಿಸಿದಳು.

ಬಸ್ಸಿಗೆ ಹೊತ್ತಾಯಿತು. ಬೇರೆ ದಾರಿ ಕಾಣದೆ, ಹಿತ್ತಲಲ್ಲಿ ನೀರು ಕಾಯಿಸುವ ಒಲೆಯ ಬೂದಿಯನ್ನೇ ಜರಡಿ ಹಿಡಿದು ಡಬ್ಬಿಗೆ ತುಂಬಿಕೊಂಡ.

ಕೊಲ್ಹಾಪುರದ ಲ್ಯಾಬಿನಲ್ಲಿ, ಧಾರವಾಡದ ಕಡೆಯಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ ನಿಂತರು. ಬಸವಂತ ಶಿವನನ್ನು ನೆನೆದು ಚಿಟಿಕೆ ಹಾಕಿದ. ಏನಾಶ್ಚರ್ಯ! ಸ್ವಲ್ಪ ಹೊತ್ತಿನಲ್ಲೇ ಹಳದಿ ಪುಡಿ ತಳದಲ್ಲಿ ಕೂತಿತು. ಸೋಸಿ, ಒಣಗಿಸಿ, ತೂಗಿದರೆ ಅವನು ಪ್ರಬಂಧದಲ್ಲಿ ಬರೆದದ್ದಕ್ಕಿಂತ ಹೆಚ್ಚೇ ಬಂತು.

"ಶಾಬ್ಬಾಸ್!" ಪರೀಕ್ಷಕರು ಬೆನ್ನು ತಟ್ಟಿದರು. ಬಸವಂತನಿಗೆ ಹೋದ ಜೀವ ಮರಳಿತು. ಓಣಿಗೆಲ್ಲಾ ಪೇಢೆ ಹಂಚಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟ.

"ಒಂದು ಸಣ್ಣ ಕೆಲಸ ಉಳದೈತಿ," ಎಂದರು ಪರೀಕ್ಷಕರು. "ಬಾಳಿಸಿಪ್ಪಿ ಬೂದ್ಯಾಗನ ಈ ಗುಣ ಐತಿ ಅಂತ ಸಿದ್ಧ ಆಗಬೇಕಲಾ? ಇದನ್ನ ಸಾದಾ ಒಲಿ ಬೂದಿ ಹಾಕಿ ಮಾಡಿ ತೋರಸ್ರಿ. ಏನೂ ಆಗಲಿಲ್ಲ ಅಂದ್ರ ಅಲ್ಲೇ ಸಹಿ ಹಾಕತೇನಿ."

ಬಸವಂತ ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಪಕ್ಕದಲ್ಲೇ ನಿಂತಿದ್ದ ಅವನ ಪಿಎಚ್‌ಡಿ ಗೈಡ್, ಗಡಹಿಂಗ್ಲಜದ ಸರ್ ಮಾತ್ರ ಹಿಗ್ಗಿ ಹೀರೇಕಾಯಾಗಿ ಅವನ ಹೆಗಲ ಮೇಲೆ ಕೈಯಿಟ್ಟರು.

"ಅದಕ್ಕೇನ್ರಿ ಸರ್, ನಮ್ಮ ಹುಡುಗನ ಮನ್ಯಾಗನ ಒಲಿ ಐತಿ. ನಾಳೆ ತಂದು ನಿಮ್ಮ ಮುಂದನ ಹಾಕ್ತಾನ!"