ಕೋಗಿಲಿನ ಲಾಭ

ನಮ್ಮ ಸೋದರಮಾವನ ಮನೆಗೆ ಹೋಗಬೇಕಾದರೆ ಯಲಹಂಕದಲ್ಲಿ ರೈಲಿಳಿದು ಕೋಗಿಲು ಹಳ್ಳಿಯ ತನಕ ನಡೆಯಬೇಕು. ಅಲ್ಲಿಂದ ಮುಂದೆ ನೂರು ವರ್ಷ ಹಿಂದಕ್ಕೆ ನಡೆಯಬೇಕು! ಊರಿಗೆ ಕರೆಂಟು ಬಂದ ವರ್ಷವೇ ಮಾವ ತಮ್ಮ ಮನೆ, ಕಣ, ಬಾವಿಗಳನ್ನು ಮುತ್ತಜ್ಜನ ಕಾಲಕ್ಕೆ ಮರಳಿಸಿ, ಬಂದವರಿಗೆಲ್ಲ ತೋರಿಸುವುದೆಂದು ಘೋಷಿಸಿಬಿಟ್ಟರು. ಬಂದವರು ಬಾಗಿಲಲ್ಲೇ ಕೈಗಡಿಯಾರ, ಬೆಂಕಿಪೊಟ್ಟಣ ಒಪ್ಪಿಸಬೇಕು. ಬರುತ್ತಿದ್ದವನು ಯಶವಂತಪುರದಲ್ಲಿ ಗುಮಾಸ್ತನಾಗಿದ್ದ ನಾನೊಬ್ಬನೇ. ಅದೂ ಅಮ್ಮ ಅಟ್ಟಿದಾಗ.

ಬೇಸಿಗೆಯಲ್ಲಿ ಹೋದಾಗ, "ಮಾವ, ರೈಲಿಗೆ ಹೊತ್ತಾಯ್ತಾ?" ಎಂದೆ. ಮಾವ ಅಂಗಳದಲ್ಲಿ ನಿಂತು, ತಮ್ಮ ನೆರಳಿನ ತುದಿಗೆ ನನ್ನಿಂದ ಗೆರೆ ಎಳೆಸಿ, ಪಾದ ಪಾದ ಅಳೆದು, "ಇನ್ನೂ ಬೇಕಾದಷ್ಟು ಹೊತ್ತೈತೆ, ಕೂತ್ಕೊಳ್ಳೋ" ಎಂದರು. ಸ್ಟೇಷನ್ನಿನಲ್ಲಿ ನನಗೆ ಸಿಕ್ಕಿದ್ದು ರೈಲಿನ ಹೊಗೆ ಮಾತ್ರ. ಮರಳಿ ಬಂದು ದೂರಿದರೆ, "ತಪ್ಪಿದ್ದು ರೈಲು ಕಣೋ! ನೆರಳು ಯಾವತ್ತಾದ್ರೂ ತಪ್ಪಿದ್ದುಂಟಾ?"

ಶ್ರಾವಣದ ಜಡಿಮಳೆಯಲ್ಲಿ ಚಕಮಕಿ ಕಲ್ಲು ಕುಟ್ಟಿ ಕುಟ್ಟಿ ಮಾವನ ಬೆರಳು ಕೆಂಪಾಯಿತೇ ಹೊರತು ಒಲೆ ಕೆಂಪಾಗಲಿಲ್ಲ. ಕೊನೆಗೆ ಅತ್ತೆ ಪಕ್ಕದ ಮನೆಯಿಂದ ಕೆಂಡ ತಂದರು. "ಕೆಂಡ ಈಸ್ಕೊಂಡ್ ಬರೋದೂ ಮುತ್ತಜ್ಜನ ಕಾಲದ್ದೇ!" ಎಂದು ಮಾವ ಗೆದ್ದರು. ಮುತ್ತಜ್ಜ ಕಾಫಿ ಕುಡಿಯುತ್ತಿದ್ದರೇ ಎಂದು ನಾನು ಕೇಳಲಿಲ್ಲ. ಲೋಟ ಕೈಗೆ ಬಂದ ಮೇಲೆ ಚರಿತ್ರೆಯನ್ನು ಕೆದಕಬಾರದು.

ಅತ್ತೆ ಮಾತ್ರ ಸೆರಗು ಸಿಕ್ಕಿಸಿ ನಿಂತರು. "ನೋಡ್ರೀ, ಸಂಕ್ರಾಂತಿಗೆ ಹತ್ತು ಜನ ಬಂದು ಇದನ್ನೆಲ್ಲ ನೋಡ್ಲಿ, ಸಾಯೋಗಂಟ ಊದುಕೊಳವೆ ಊದ್ತೀನಿ. ಬರ್ಲಿಲ್ಲಾಂದ್ರೆ ಸೀಮೆಣ್ಣೆ ಸ್ಟೌ, ಗೋಡೆ ಗಡಿಯಾರ, ಎಲ್ಲಾ ಒಳಗ್ ಬರ್ತವೆ!"

ಮಾವ ಮೀಸೆ ತಿರುವಿ ಒಪ್ಪಿದರು. ಮರುದಿನವೇ ಬಂಧುಗಳಿಗೆಲ್ಲ ಕಾರ್ಡು ಬರೆದರು. (ಅಂಚೆ ಕಾರ್ಡು ಯಾರ ಕಾಲದ್ದು? ದಯವಿಟ್ಟು ಕೇಳಬೇಡಿ!)

ಧನುರ್ಮಾಸದ ಚಳಿಯಲ್ಲಿ ಕಣದ ತುಂಬ ರಾಗಿ ರಾಶಿ. ಸರ್ಕಾರ ಸೇರು, ಕೊಳಗದ ಹಳೇ ಅಳತೆ ಬಿಡಿಸಿ ಕಿಲೋ ತಂದಿತ್ತು. ಮಾವ ನನ್ನ ಕೈಗೆ ಕೊಳಗ ಕೊಟ್ಟರು. ಮೊದಲ ಕೊಳಗ ತುಂಬಿ ಚೀಲಕ್ಕೆ ಸುರಿದು "ಒಂದು" ಎಂದೆ. ಕಣವೇ ನಡುಗಿತು!

"ವಾಪಸ್ ಸುರಿ! ಮೊದಲ್ನೇದಕ್ಕೆ ಒಂದು ಅಂತಾರೇನೋ? ಒಂದು ಅಂದ್ರೆ ಒಂದಕ್ಕೇ ನಿಂತೋಯ್ತದೆ. ಲಾಭ ಅನ್ನು. ಲಾಭ, ಎರಡು, ಮೂರು... ಇಂಗೆ! ಆಗ ರಾಶಿ ಬೆಳೀತದೆ."

ಇಂಟರ್‌ಮೀಡಿಯೆಟ್ ತನಕ ನಾನು ಕಲಿತ ಗಣಿತವೆಲ್ಲ ಮೊದಲ ಅಂಕಿಯಲ್ಲೇ ತಪ್ಪಾಗಿತ್ತೆಂದು ಅಂದು ತಿಳಿಯಿತು.

ಸಂಕ್ರಾಂತಿಯಂದು ಅಮ್ಮ ಅಟ್ಟಲಿಲ್ಲ, ನಾನೇ ಹೊರಟೆ. ಕಾರ್ಡು ತಲುಪಿದ್ದ ಬಂಧುಗಳು ಯಾರೂ ರೈಲಿನಲ್ಲಿ ಕಾಣಲಿಲ್ಲ. ಜಗಲಿಯ ಮೇಲೆ ಹತ್ತು ಮುತ್ತುಗದೆಲೆ ಹಾಸಿತ್ತು. ಹೊಸ ರುಮಾಲು ಸುತ್ತಿದ ಮಾವ ಬೀದಿ ನೋಡುತ್ತ ಕೂತಿದ್ದರು. ಅವರ ನೆರಳು ಆಗಲೇ ಉದ್ದವಾಗಿತ್ತು.

ಅವರು ಕೇಳುವ ಮೊದಲೇ ಗಡಿಯಾರ ಬಿಚ್ಚಿ ಕೈಗಿತ್ತೆ. "ಮಾವ, ನಾನು ಒಬ್..."

ಅವರ ಅಂಗೈ ನನ್ನ ಬಾಯಿ ಮುಚ್ಚಿತು. ಆಮೇಲೆ ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟು, ಬೀದಿಯ ಕಡೆಗೇ ನೋಡುತ್ತ, ಅಡುಗೆಮನೆಗೂ ಕೇಳಿಸುವಂತೆ ಹೇಳಿದರು: "ಲಾಭ!"

ಒಳಗೆ ಊದುಕೊಳವೆಯ ಸದ್ದು ನಿಂತಿತು.

"ಕೇಳಿಸ್ತು ಬಿಡಿ," ಎಂದರು ಅತ್ತೆ. "ಎಣಿಕೆ ಈಗ ತಾನೇ ಶುರುವಾಗೈತೆ. ಮುಗಿಯೋಗಂಟ ಸ್ಟೌ ಬ್ಯಾಡ."