ಏಳು ಪಾಯಿಂಟ್ ಒಂದು ಮತ್ತು ಗೋಧಿ ಶಾವಿಗೆ

ಭಾನುವಾರ ಸಂಜೆ ಐದಕ್ಕೆ ಬಸವಕಲ್ಯಾಣದ ನಮ್ಮ ಮಾಳಿಗೆಯಿಂದ ಹುಮನಾಬಾದಿನ ಗೆಳೆಯ ಮಾಣಿಕಪ್ಪನ ಜೊತೆ ಹವ್ಯಾಸಿ ರೇಡಿಯೋದಲ್ಲಿ ಮಾತಾಡುವುದಾಗಿ ಓಣಿಗೆಲ್ಲ ಘೋಷಿಸಿದ್ದೆ. ಮೊಬೈಲ್ ಇಲ್ಲದೆ, ಬರೀ ಗಾಳಿಯಲ್ಲಿ! ನಾನು ಹಳೇ ವರದಿಗಾರ. ಖಚಿತವಾಗದ ಸುದ್ದಿ ಕೊಡುವವನಲ್ಲ.

ಮಾಳಿಗೆಯ ಉದ್ದಕ್ಕೂ ಆಳೆತ್ತರದಲ್ಲಿ ಆಂಟೆನಾ ತಂತಿ ಕಟ್ಟಿದ್ದೆ. ಅದು ಯಾವ ಕಂಪನಾಂಕಕ್ಕೆ ಒಲಿಯುತ್ತದೆಂದು ತೋರಿಸುವ ಅಂಗೈಯಗಲದ ಮಾಪಕವೂ ಬಂದಿತ್ತು. ಬೇಕಾದದ್ದು 7.1 ಮೆಗಾಹರ್ಟ್ಸ್. ತಂತಿ ಉದ್ದವಾದರೆ ಅಂಕಿ ಇಳಿಯುತ್ತದೆ, ಗಿಡ್ಡವಾದರೆ ಏರುತ್ತದೆ. ಇಷ್ಟೇ ವಿಜ್ಞಾನ.

ಬೆಳಿಗ್ಗೆ ಹೆಂಡತಿ ಸುನಂದಾ ಹಸಿ ಶಾವಿಗೆ ಹೊತ್ತು ಬಂದಳು.

"ಈ ತಂತಿ ಮ್ಯಾಲ ಒಣಗಾಕ ಹಾಕ್ಲೇನ್ರಿ?"

"ಹಾಕು. ಏನೂ ಆಗೂದಿಲ್ಲ."

ಮಾಪಕ ಹಚ್ಚಿದೆ. 6.7! ತಂತಿ ಉದ್ದವಾಗಿದೆ ಎಂದು ಎರಡೂ ತುದಿಯಲ್ಲಿ ಒಂದೊಂದು ಗೇಣು ಕತ್ತರಿಸಿದೆ. ಅಂಕಿ ಚೂರು ಏರಿತು. ಮತ್ತೆ ಕತ್ತರಿಸಿದೆ.

"ಸಾವಕಾಶ್ರಿ, ಶಾವಿಗಿ ಉದುರಾಕತ್ತಾವ!"

"ವೈಜ್ಞಾನಿಕ ಪರೀಕ್ಷೆ ನಡೆದಿದೆ."

"ವಿಜ್ಞಾನಕ್ಕ ನನ್ನ ಹೊಲಿಗಿ ಕತ್ತರಿ ಯಾಕ ಬೇಕಾತ್ರಿ?"

ಇನ್ನೊಂದು ಗೇಣು ಕತ್ತರಿಸಿದೆ. ಮಧ್ಯಾಹ್ನಕ್ಕೆ ಸರಿಯಾಗಿ 7.1! 'ಗಾಳಿಯಲ್ಲೇ ಹುಮನಾಬಾದ್ ತಲುಪಿದ ಪತ್ರಕರ್ತ' ಎಂದು ತಲೆಬರಹ ಬರೆದಿಟ್ಟು ಮಲಗಿದೆ.

ನಾಲ್ಕೂವರೆಗೆ ಓಣಿಯವರು ಕುರ್ಚಿ ಸಮೇತ ಮಾಳಿಗೆ ಹತ್ತಿದರು. ಶಾಸ್ತ್ರಕ್ಕೆಂದು ಕೊನೆಯ ಸಲ ಮಾಪಕ ಹಚ್ಚಿದೆ.

7.5!

ಕೇಬಲ್ ತಿರುವಿದೆ, ಮಾಪಕಕ್ಕೆ ಎರಡೇಟು ಕೊಟ್ಟೆ. 7.5. ತಲೆ ಎತ್ತಿ ನೋಡಿದರೆ ತಂತಿ ಬೋಳು!

"ಶಾವಿಗಿ ಎಲ್ಲಿ?"

"ಒಣಗಿದ್ವು, ತೆಗದೆ."

ಬೆಳಿಗ್ಗೆ ಅಂಕಿ ಇಳಿಸಿದ್ದು ತಂತಿಯ ಉದ್ದವಲ್ಲ, ಅದಕ್ಕೆ ಜೋತಾಡುತ್ತಿದ್ದ ಹಸಿ ಹಿಟ್ಟು! ಸರಿಯಾಗಿದ್ದ ತಂತಿಯನ್ನು ಕತ್ತರಿಸಿ ಕತ್ತರಿಸಿ ನಾನು ಶ್ರುತಿ ಮಾಡಿದ್ದು ಶಾವಿಗೆಯನ್ನು. ವಿಷಯ ತಿಳಿದ ಪಕ್ಕದ ಮನೆಯ ಖಾಜಾ ಚಾಚಾ ಗಂಭೀರವಾಗಿ ಸಲಹೆ ಕೊಟ್ಟರು:

"ನೀರಾಗ ಅದ್ದಿ ಮತ್ತ ಹಾಕ್ರಿ ಸಾಬ್!"

"ಶಾವಿಗಿ ಮುಟ್ಟಿದ್ರ ನೋಡ್ರಿ!" ಎಂದಳು ಸುನಂದಾ.

ಐದಕ್ಕೆ ಮೊಬೈಲ್ ರಿಂಗಾಯಿತು. ಮಾಣಿಕಪ್ಪ. "ಎಲ್ಲದೀಯೋ? ನಿನ್ನ ದನಿ ಬರವಲ್ದು!" ಕಾರಣ ಹೇಳಿದೆ. ಅವನು ಒಂದು ನಿಮಿಷ ನಕ್ಕು, ಬಸ್ ಹತ್ತಿದ.

ನಮ್ಮ ಮೊದಲ ಸಂಪರ್ಕ ಆರೂವರೆಗೆ ನಡೆಯಿತು. ದನಿ ಅತ್ಯಂತ ಸ್ಪಷ್ಟ. ನಡುವಿನ ಅಂತರ, ಎರಡು ತಾಟು ಶಾವಿಗೆ.

ತಿದ್ದುಪಡಿ: ಬೆಳಿಗ್ಗೆ 'ಏನೂ ಆಗೂದಿಲ್ಲ' ಎಂದು ನಾನು ಹೇಳಿದ್ದು ತಪ್ಪು ಮಾಹಿತಿ. ವಿಷಾದಿಸುತ್ತೇನೆ. ಕತ್ತರಿ ವಾಪಸ್ ಕೊಟ್ಟಿದ್ದೇನೆ.