ಓಣಿಗೆಲ್ಲ ನೂರಾ ಎರಡು

ಕೊಟ್ಟೂರಿನ ಮಾರುಕಟ್ಟೆಯಲ್ಲಿ ಶೇಂಗಾ ಚೀಲ ತೂಗುವ ಹಂಪೇಶನಿಗೆ ತನ್ನ ಕೈಯ ಮೇಲೆ ಎಷ್ಟು ನಂಬಿಕೆಯೆಂದರೆ, ತೊಂಬತ್ತೇಳರ ಆ ಬೇಸಿಗೆಯ ಬೆಳಿಗ್ಗೆ ಮಗಳು ಗಂಗಾಂಬಿಕಾಳ ಹಣೆ ಮುಟ್ಟಿದವನೇ, "ಜ್ವರ ನೂರು. ಹೆಚ್ಚಂದ್ರ ನೂರಾ ಒಂದು" ಎಂದುಬಿಟ್ಟ.

"ಅಂದಾಜು ಬ್ಯಾಡ್ರೀ," ಎಂದಳು ಹೆಂಡತಿ ಅರ್ಚನಾ. "ನೂರಾ ಒಂದು ದಾಟಿದ್ರ ಕೂಡ್ಲೇ ಕರ್ಕೊಂಡು ಬರ್ರಿ ಅಂತ ಡಾಕ್ಟ್ರು ಹೋದ ಸಲಾನೇ ಹೇಳ್ಯಾರ. ಸರಿಯಾಗಿ ನೋಡ್ರಿ." ನಾಲ್ಕು ವರ್ಷದ ಕೂಸು ಒಂದು ತುತ್ತೂ ತಿಂದಿರಲಿಲ್ಲ. ಅವಳು ಜೀವ ಕೈಯಲ್ಲಿ ಹಿಡಿದು ಕೂತಿದ್ದಳು.

ಓಣಿಯಲ್ಲಿ ಥರ್ಮಾಮೀಟರು ಇದ್ದದ್ದು ಎದುರುಮನೆಯ ಶಿವಯೋಗಪ್ಪನವರ ಬಳಿ ಮಾತ್ರ. ಅರಿವೆ ಅಂಗಡಿಯ ಆ ಹಿರಿಯರು ಅದನ್ನು ರೇಷ್ಮೆ ತುಂಡಿನಲ್ಲಿ ಸುತ್ತಿ, ಡಬ್ಬಿ ಸಮೇತ ತಂದರು. ಕೊಟ್ಟು ಮನೆಗೆ ಹೋಗುವ ಆಸಾಮಿಯಲ್ಲ. ಕುರ್ಚಿ ಎಳೆದು ಕೂತರು. ಹಿಂದೆಯೇ ಪಕ್ಕದ ಮನೆಯ ನಾಗಲಿಂಗಮ್ಮನೂ ಬಂದಳು.

"ಮೊದ್ಲು ಝಾಡಿಸಬೇಕಂತ್ರೀ," ಎಂದಳು ಅರ್ಚನಾ. "ನಮ್ಮ ಸಾಲಿಯಾಗ ನರ್ಸಮ್ಮ ಹಂಗ ಮಾಡತಿದ್ಲು."

ಹಂಪೇಶ ನಕ್ಕ. "ಹದಿನೈದು ವರ್ಷ ಕಾಟಾ ಹಿಡದೀನಿ. ತೂಗೋ ಮುಂದ ಕಾಟಾ ಅಲುಗಾಡಿಸಿದಾಂವ ಕಳ್ಳ!"

ಕೂಸಿನ ಕಂಕುಳಲ್ಲಿಟ್ಟು, ಗಡಿಯಾರ ನೋಡಿ, ಐದು ನಿಮಿಷಕ್ಕೆ ತೆಗೆದ. ನೂರಾ ಎರಡು!

ಅರ್ಚನಾ ಕೂಸನ್ನೆತ್ತಿಕೊಂಡು ಹೊರಟೇಬಿಟ್ಟಳು. "ತಡಿ, ಕಾಟಾ ಖರೇ ಐತೋ ಇಲ್ಲೋ ನೋಡಬೇಕು" ಎಂದ ಹಂಪೇಶ, ತಕ್ಕಡಿಗೆ ಕಲ್ಲಿಟ್ಟು ನೋಡುವವನಂತೆ ಗಟ್ಟಿಮುಟ್ಟಾದ ತನ್ನ ಕಂಕುಳಿಗೇ ಇಟ್ಟುಕೊಂಡ. ನೂರಾ ಎರಡು. ಅರ್ಚನಾಗೂ ನೂರಾ ಎರಡು. ನಾಗಲಿಂಗಮ್ಮನಿಗೂ. ಆಗಷ್ಟೇ ಆರು ಮಿರ್ಚಿ ತಿಂದು ಬಾಯಿ ಒರೆಸಿಕೊಂಡಿದ್ದ ಶಿವಯೋಗಪ್ಪನವರಿಗೂ ಅಷ್ಟೇ.

"ಕೆಟ್ಟೈತೇನೋ ಇದು?" ಎಂದಳು ನಾಗಲಿಂಗಮ್ಮ.

"ನನ್ನ ಥರ್ಮಾಮೀಟ್ರು ಕೆಡಂಗಿಲ್ಲ!" ಶಿವಯೋಗಪ್ಪ ಸಿಡುಕಿದರು.

"ಐದು ಸಲ ತೂಗಿದ್ರೂ ಒಂದೇ ತೂಕ. ಇಷ್ಟು ನಿಯತ್ತಿನ ಕಾಟಾ ಎಲ್ಲೈತಿ?" ಹಂಪೇಶ ತೀರ್ಪು ಕೊಟ್ಟ. "ಕೂಸಿನ ಜ್ವರ ಓಣಿಗೆಲ್ಲ ಹತ್ತೈತಿ."

ತೀರ್ಪು ಬಿದ್ದದ್ದೇ ತಡ, ಶಿವಯೋಗಪ್ಪನವರಿಗೆ ಚಳಿ ಹುಟ್ಟಿತು. ನಾಗಲಿಂಗಮ್ಮನ ಕೀಲುಕೀಲೂ ನೋಯತೊಡಗಿತು. ಆ ಬಿರುಬಿಸಿಲಲ್ಲಿ ಇಬ್ಬರೂ ಕಂಬಳಿ ಹೊದ್ದು, ಕೂಸಿಗೆ ಕರೆಸಿದ್ದ ಆಟೋ ಹತ್ತಿದರು. ದವಾಖಾನೆಯಲ್ಲೂ ನರಳುತ್ತ ಮೊದಲು ಒಳನುಗ್ಗಿದರು. ಕೂಸಿನ ಪಾಳಿ ಕೊನೆಗೆ ಬಿತ್ತು.

ಡಾಕ್ಟರು ತಮ್ಮ ಥರ್ಮಾಮೀಟರನ್ನು ಪ್ರತಿ ಸಲವೂ ಝಾಡಿಸಿ ಒಬ್ಬೊಬ್ಬರನ್ನೇ ನೋಡಿದರು. ಶಿವಯೋಗಪ್ಪನವರಿಗೆ ಜ್ವರವಿಲ್ಲ. ನಾಗಲಿಂಗಮ್ಮನಿಗಿಲ್ಲ, ಅರ್ಚನಾಗಿಲ್ಲ. ಕೂಸಿಗೆ ಬರೀ ನೂರು. ನೆಗಡಿ ಜ್ವರ, ಇವತ್ತೇ ಇಳಿಯುತ್ತದೆ ಎಂದರು. ಅರ್ಚನಾಗೆ ಹೋದ ಜೀವ ಬಂದಂತಾಯಿತು.

ಶಿವಯೋಗಪ್ಪನವರ ಥರ್ಮಾಮೀಟರನ್ನು ಬೆಳಕಿಗೆ ಹಿಡಿದ ಡಾಕ್ಟರು ಕೇಳಿದರು: "ಏರಿದ ಪಾದರಸ ತಾನಾಗೇ ಇಳಿಯಂಗಿಲ್ರೀ, ಝಾಡಿಸಿ ಇಳಿಸಬೇಕು. ಇವತ್ತಿಗಿಂತ ಮುಂಚೆ ಇದನ್ನ ಯಾರಿಗೆ ಇಟ್ಟಿದ್ರಿ?"

"ನಮ್ಮ ಅಳಿಯಗ್ರೀ, ಹೋದ ದೀಪಾವಳಿಗೆ. ಆವಾಗಿಂದ ಒಬ್ರಿಗೂ ಮುಟ್ಟಗೊಟ್ಟಿಲ್ಲ. ಅವರು ಆರಾಮಾಗಿ ಹರಪನಹಳ್ಳಿಗೆ ಹೋಗ್ಯಾರ."

"ಅವರು ಹೋಗ್ಯಾರ. ಅವರ ಜ್ವರ ನಿಮ್ಮ ಡಬ್ಬಿಯಾಗ ಉಳದೈತಿ."

ಎಲ್ಲರ ಕಣ್ಣೂ ಹಂಪೇಶನ ಮೇಲೆ ಬಿದ್ದವು. ಡಾಕ್ಟರಿಗೆ ತನ್ನ ಜ್ವರ ತೋರಿಸಿಕೊಳ್ಳುವ ಮುಖವೂ ಉಳಿಯದೆ ಅವನು ಆಟೋದ ಕಡೆ ನಡೆದ. "ಇದನ್ನ ನೀನೇ ಇಟ್ಕೋ ಮಾರಾಯ!" ಎಂದು ಶಿವಯೋಗಪ್ಪ ಡಬ್ಬಿಯನ್ನು ಅವನ ಜೇಬಿಗೆ ತುರುಕಿದರು.

ಸಂಜೆ ಹೊತ್ತಿಗೆ ಕೂಸು ಎದ್ದು ಮಂಡಾಳು ತಿನ್ನುತ್ತ ಆಡತೊಡಗಿತು. ಹಂಪೇಶನಿಗೆ ಮಾತ್ರ ಹಲ್ಲು ಕಟಕಟಿಸುವ ಚಳಿ. ಈ ಸಲ ಚೆನ್ನಾಗಿ ಝಾಡಿಸಿ, ಪಾದರಸ ತಳಕ್ಕಿಳಿದದ್ದನ್ನು ಕಣ್ಣಾರೆ ಕಂಡು, ಕಂಕುಳಲ್ಲಿಟ್ಟುಕೊಂಡ.

"ಅರ್ಚನಾ, ನನಗ ನೂರಾ ಮೂರೈತಿ!"

"ಇನ್ನೊಮ್ಮೆ ಝಾಡಿಸ್ರಿ," ಎಂದಳು ಅವಳು ಅಡುಗೆಮನೆಯಿಂದಲೇ.

ಝಾಡಿಸಿದ, ಇಟ್ಟ, ತೆಗೆದ. "ನೂರಾ ಮೂರೇ ಐತಿ!"

"ಇನ್ನಾ ಜೋರಾಗಿ ಝಾಡಿಸಲೇ!" ಎದುರು ಕಟ್ಟೆಯಿಂದ ಶಿವಯೋಗಪ್ಪ ಕೂಗಿದರು.

ಮೂರನೆಯ ಸಲವೂ ಅಷ್ಟೇ. ಹಂಪೇಶ ಕಂಬಳಿಯೊಳಗಿಂದ ನರಳಿದ: "ಖರೇನ ಜ್ವರ ಬಂದೈತೇ..."

"ಬಂದಿರತೈತಿ ಬಿಡ್ರಿ," ಎಂದಳು ಅರ್ಚನಾ, ರೊಟ್ಟಿ ಬಡಿಯುತ್ತ. "ಈ ಸಲ ಅದು ಯಾರ ಅಳಿಯಂದು, ಮೊದ್ಲು ಕೇಳಿ ಬರ್ರಿ."